ಮಗುವಿನ ಹಟ, ಮನೆಯ ಪಾಡು

ಮಾತು ಕೇಳದ, ಸಿಟ್ಟು ಬಂದರೆ ಸಿಕ್ಕಿದ್ದನ್ನು ಎಸೆಯುವ, ಸಾಲಿಯಲ್ಲಿ ಒಂದು ಗಳಿಗೆ ಕೂಡಲಾರದ, ಇಲ್ಲವೇ ಯಾರೊಂದಿಗೂ ಬೆರೆಯದೆ ಮೂಲೆ ಹಿಡಿದ ಮಗುವಿಗೆ ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯಲ್ಲಿ ಹೆಸರುಗಳು ಹಲವು: ಉಡಾಳ, ಹಟಮಾರಿ, ಗಾಳಿ ಸೋಕಿದ್ದು, ತಾಯಿ ಸಲಿಗೆ ಕೊಟ್ಟು ಕೆಡಿಸಿದ್ದು. ಯಾವ ಹೆಸರು ಅಂಟಿತೋ ಅದರ ಮೇಲೆ ಮುಂದಿನ ದಾರಿ. ಉಡಾಳ ಎಂದರೆ ಬಡಿಗೆ, ಗಾಳಿ ಎಂದರೆ ತಾಯತ, ಸಲಿಗೆ ಎಂದರೆ ತಾಯಿಗೆ ಮನೆಮಂದಿಯ ಬೈಗುಳ. ಆ ಮಗುವನ್ನು ಬೆಳಗಿನಿಂದ ರಾತ್ರಿಯ ತನಕ ಸಂಭಾಳಿಸುವವರಿಗೆ ಏನು ಆಸರೆ ಬೇಕು ಎಂಬ ಪ್ರಶ್ನೆ ಮಾತ್ರ ಈ ಯಾವ ದಾರಿಯಲ್ಲೂ ಏಳುವುದಿಲ್ಲ. ನನ್ನ ವಾದ ಇಷ್ಟೇ. ವರ್ತನೆಯ, ಭಾವನೆಗಳ ತೊಂದರೆ ಇರುವ ಮಗುವಿಗೆ ನೆರವು ಮೊದಲು ತಲುಪಬೇಕಾದದ್ದು ಅದನ್ನು ಸಾಕುವ ಮನೆಗೆ. ಅದಕ್ಕೆ ಬೇಕಾದ ಜನ ಮತ್ತು ವ್ಯವಸ್ಥೆಯಲ್ಲಿ ಬಹುಪಾಲು ತಾಲ್ಲೂಕಿನೊಳಗೇ ಇದೆ.

ಇದೆಲ್ಲ ಬೆಂಗಳೂರಿನವರ ಕಾಯಿಲೆ, ನಮ್ಮ ಹಳ್ಳಿ ಮಕ್ಕಳಿಗೆ ಇವು ಎಲ್ಲಿಂದ ಬರಬೇಕು ಎನ್ನುವವರು ಮೊದಲು ಸಿಗುತ್ತಾರೆ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿನಿಂದ 16 ವರ್ಷದವರೆಗಿನ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 12.5 ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತು. 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಈ ಪ್ರಮಾಣವನ್ನು ಶೇ. 7.3 ಎಂದಿತು. ವಯಸ್ಸೂ ಬೇರೆ, ಅಳತೆಯ ಕ್ರಮವೂ ಬೇರೆಯಾದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ಆದರೆ ಆಕ್ಷೇಪಕ್ಕೆ ಉತ್ತರ ಎರಡನೆಯದರಲ್ಲೇ ಇದೆ. ಮಹಾನಗರಗಳಲ್ಲಿ ಶೇ. 13.5 ಇದ್ದದ್ದು ಹಳ್ಳಿಗಳಲ್ಲಿ 6.9. ಅರ್ಧದಷ್ಟು ನಿಜ, ಆದರೂ ಆ ಲೆಕ್ಕ ಹಿಡಿದರೆ ಇನ್ನೂರು ಮಕ್ಕಳ ಪ್ರೌಢಶಾಲೆಯೊಂದರಲ್ಲಿ ಹದಿಮೂರು ಹದಿನಾಲ್ಕು ಮಕ್ಕಳಾದರು, ಅಷ್ಟೇ ಮನೆಗಳಾದವು.

ಆ ಮನೆಗಳ ಒಳಗೆ ಏನು ನಡೆಯುತ್ತದೆ ಎಂಬುದನ್ನು ಅಮೆರಿಕದ ಓರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಕುಟುಂಬಗಳ ನಡುವೆ ಕೂತು ಗಮನಿಸಿ 1982ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದು ನಮ್ಮ ಓಣಿಯ ಕಿರಾಣಿ ಅಂಗಡಿಯ ಮುಂದೆ ದಿನವೂ ಕಾಣುವಂಥದ್ದು. ಮಗು ಚಿಪ್ಸ್ ಪಾಕೀಟು ಬೇಡುತ್ತದೆ, ತಾಯಿ ಬೇಡ ಎನ್ನುತ್ತಾಳೆ. ಮಗು ನೆಲಕ್ಕೆ ಬಿದ್ದು ಹೊರಳುತ್ತದೆ, ನಾಲ್ಕು ಮಂದಿ ತಿರುಗಿ ನೋಡುತ್ತಾರೆ, ತಾಯಿ ಸೋತು ಕೊಡಿಸುತ್ತಾಳೆ. ಅಳು ನಿಂತಿತೆಂದು ತಾಯಿಗೆ ಸಮಾಧಾನ, ಅತ್ತರೆ ಸಿಗುತ್ತದೆಂದು ಮಗುವಿಗೆ ಪಾಠ. ಇನ್ನೊಂದು ದಿನ ದಣಿದು ಬಂದ ತಂದೆ ಎರಡೇಟು ಹಾಕುತ್ತಾನೆ, ಹಟ ತಟ್ಟನೆ ನಿಲ್ಲುತ್ತದೆ. ಏಟು ಕೆಲಸ ಮಾಡುತ್ತದೆಂದು ತಂದೆಗೆ ನಂಬಿಕೆ ಹುಟ್ಟುತ್ತದೆ, ದೊಡ್ಡವರು ಬಲದಿಂದ ಗೆಲ್ಲುತ್ತಾರೆಂದು ಮಗು ಕಲಿಯುತ್ತದೆ. ಮುಂದಿನ ಸಲ ಅಳುವೂ ಜೋರು, ಏಟೂ ಜೋರು. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಪ್ರತಿಯೊಬ್ಬರೂ ಆ ಗಳಿಗೆಯ ಸಂಕಟದಿಂದ ಪಾರಾಗಲು ನೋಡಿದವರೇ, ಹಾಗೆ ನೋಡುತ್ತ ನೋಡುತ್ತ ಮನೆ ಇಡಿಯಾಗಿ ಸುಳಿಗೆ ಸಿಕ್ಕಿದೆ. ಮಗುವನ್ನು ಮಾತ್ರ ಎಳೆದು ವೈದ್ಯರ ಮುಂದೆ ನಿಲ್ಲಿಸಿದರೆ ಸುಳಿ ಮನೆಯಲ್ಲಿ ಹಾಗೇ ತಿರುಗುತ್ತಿರುತ್ತದೆ. ಅದನ್ನು ಬಿಡಿಸುವ ವಿದ್ಯೆ ಹೆತ್ತವರಿಗೆ ಕಲಿಸಬಹುದಾದದ್ದು: ಮಗು ಸುಮ್ಮನಿದ್ದಾಗ, ಹೇಳಿದ್ದು ಮಾಡಿದಾಗ ಗಮನಿಸಿ ಮೆಚ್ಚುವುದು, ಒಂದು ಸಲಕ್ಕೆ ಒಂದೇ ಮಾತು ಹೇಳುವುದು, ಹಟಕ್ಕೆ ಮಣಿಯದಿರುವುದು, ಶಿಕ್ಷೆ ಚಿಕ್ಕದಿರಲಿ ಆದರೆ ಹೇಳಿದಂತೆ ನಡೆಯಲಿ ಎಂಬ ಕಟ್ಟುಪಾಡು, ಅಪ್ಪ ಅಮ್ಮ ಅಜ್ಜಿ ಮೂವರೂ ಒಂದೇ ಮಾತಿಗೆ ನಿಲ್ಲುವುದು. ಓದಲು ಸುಲಭ. ಹೊಲದಿಂದ ಬಂದ ಸಂಜೆ ಮಾಡಿ ತೋರಿಸುವುದು ಕಷ್ಟ. ಅದಕ್ಕೇ ವಾರವಾರ ಜೊತೆ ಕೂತು ಅಭ್ಯಾಸ ಮಾಡಿಸುವವರು ಬೇಕು.

ಹೆತ್ತವರಿಗೆ ಕಲಿಸಬೇಕೆಂದರೆ ತಪ್ಪು ಅವರದೇ ಎಂದು ಹೇಳಿದಂತಾಗುವುದಿಲ್ಲವೇ? ಈ ಆಕ್ಷೇಪದ ಹಿಂದೆ ನಿಜವಾದ ನೋವಿದೆ. ಲಿಯೋ ಕ್ಯಾನರ್ 1943ರಲ್ಲಿ ಆಟಿಸಂ ಅನ್ನು ಮೊದಲ ಸಲ ವಿವರವಾಗಿ ದಾಖಲಿಸಿದ ನಂತರ ಕೆಲವು ದಶಕಗಳ ಕಾಲ ಪಾಶ್ಚಾತ್ಯ ವೈದ್ಯರಲ್ಲೇ ಹಲವರು ಅದಕ್ಕೆ ತಾಯಿಯ ತಣ್ಣನೆಯ ಮನಸ್ಸು ಕಾರಣವೆಂದು ನಂಬಿದ್ದರು. ಆ ಸಿದ್ಧಾಂತ ಬಿದ್ದುಹೋಯಿತು, ಅದು ಮಾಡಿದ ಗಾಯ ಉಳಿಯಿತು. ಆಟಿಸಂ ಆಗಲಿ, ಅತಿಚಟುವಟಿಕೆಯ ತೊಂದರೆಯಾಗಲಿ ಮಿದುಳಿನ ಬೆಳವಣಿಗೆಯಿಂದ ಬರುವಂಥದ್ದು, ಸಾಕಣೆಯಿಂದಲ್ಲ. ಕಣ್ಣು ಮಂಜಾದ ಮಗುವಿಗೆ ಕನ್ನಡಕ ಕೊಡಿಸಿದ ತಂದೆಯನ್ನು ಆ ದೋಷಕ್ಕೆ ಹೊಣೆ ಮಾಡುವವರಿಲ್ಲ. ಕಷ್ಟದ ಮಗುವನ್ನು ಸಾಕಲು ಹೆಚ್ಚಿನ ಕೌಶಲ ಬೇಕು, ಹುಟ್ಟುತ್ತಲೇ ಅದನ್ನು ಯಾರೂ ಕಲಿತು ಬರುವುದಿಲ್ಲ, ಅಷ್ಟೇ. ತಾಯಿಯ ಸ್ವಂತ ನಿದ್ದೆ, ಖಿನ್ನತೆ, ಕೂಲಿ ಈ ಲೆಕ್ಕದೊಳಗೆ ಬರಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ದಿನದ ಕೂಲಿ ಬಿಟ್ಟು ಮಗುವಿನ ಹಿಂದೆ ಓಡಾಡುವವಳಿಗೆ ಉಪದೇಶ ಮಾತ್ರ ಕೊಟ್ಟರೆ ಅದು ಇನ್ನೊಂದು ಹೊರೆ.

ತಜ್ಞರೇ ಇಲ್ಲದ ಕಡೆ ಇದೆಲ್ಲ ಆಗುವ ಮಾತೇ ಎಂಬುದಕ್ಕೆ ಪಕ್ಕದ ಬಳ್ಳಾರಿಯಲ್ಲೇ ಉತ್ತರವಿದೆ. 1985ರಿಂದ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆ ಬಳ್ಳಾರಿ ಮಾದರಿಯ ಮೇಲೆಯೇ ನಿಂತಿದೆ. ಅದರ ಗಮನ ಹೆಚ್ಚಾಗಿ ದೊಡ್ಡವರ ತೀವ್ರ ಕಾಯಿಲೆಗಳ ಮೇಲಿತ್ತು, ಮಕ್ಕಳು ಅಂಚಿನಲ್ಲಿ ಉಳಿದರು. ಮಕ್ಕಳ ವಿಷಯದಲ್ಲಿ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇರುವ 65 ಮಕ್ಕಳ ಕುಟುಂಬಗಳೊಂದಿಗೆ ನಡೆದ, 2016ರಲ್ಲಿ ಪ್ರಕಟವಾದ ಪ್ರಯೋಗ ನೋಡಬೇಕು. ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ತಾಯಿ ಮಗು ಆಡುವುದನ್ನು ವಿಡಿಯೋ ಮಾಡಿ, ಅದನ್ನೇ ಹೆತ್ತವರಿಗೆ ತೋರಿಸಿ ಮಾತಾಡಿಸಿದರು. ಹೆತ್ತವರು ಮಗುವಿನ ಗತಿಗೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು, ಮಗು ತಾನೇ ಮುಂದಾಗಿ ಒಡನಾಡುವುದೂ ಹೆಚ್ಚಿತು. ಎಲ್ಲ ಅಳತೆಯಲ್ಲೂ ಸುಧಾರಣೆ ಕಾಣಲಿಲ್ಲ, ಆಟಿಸಂ ಹೋಗಲೂ ಇಲ್ಲ. ಆದರೂ ಮನೆಯ ಅಂಗಳದಲ್ಲಿ ಆಗುವ ಕೆಲಸ ಇದೆಂದು ಸಾಬೀತಾಯಿತು.

ಇನ್ನು ಮಾನ್ವಿಯ ಕೈಯಲ್ಲಿರುವುದನ್ನು ಎಣಿಸೋಣ. ಅಂಗನವಾಡಿಗಳಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ತಪಾಸಣೆ ಪಟ್ಟಿಯಲ್ಲಿ ವರ್ತನೆಯ ತೊಂದರೆ, ಆಟಿಸಂ, ಕಲಿಕೆಯ ತೊಂದರೆಗಳೂ ಸೇರಿವೆ. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಗೊತ್ತಾದ ಮಂಗಳವಾರಗಳಂದು ತಾಲ್ಲೂಕು ದವಾಖಾನೆಗೆ ಬರುತ್ತಾರೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಹಳ್ಳಿಯಲ್ಲಿ ಆಶಾ ಇದ್ದಾಳೆ, ಬಿಇಒ ಕಚೇರಿಗೆ ಹೊಂದಿಕೊಂಡು ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿದ್ದಾರೆ. ಕೊರತೆ ಇವರೆಲ್ಲರ ನಡುವಿನ ಕೊಂಡಿಯಲ್ಲಿ. ತಂಡ ಮಗುವನ್ನು ಗುರುತಿಸಿ ರಾಯಚೂರಿಗೆ ಬರೆದುಕೊಟ್ಟರೆ ಸುಮಾರು 45 ಕಿಲೋಮೀಟರು. 2023ರ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ಟಿನ ಖರ್ಚಿಲ್ಲ, ಹೋದ ದಿನದ ಕೂಲಿ ಮಾತ್ರ ಹೋದದ್ದೇ. ಮೂರನೆಯ ಸಲಕ್ಕೆ ಅವಳು ಬಾರದೆ ಹೋದರೆ ಕಡತದಲ್ಲಿ ಗೈರು ಎಂದು ಬೀಳುತ್ತದೆ. ಕಾನೂನಿನ ಒಂದು ಸಂದೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ, ಅತಿಚಟುವಟಿಕೆಯ ತೊಂದರೆಗೆ ಪ್ರತ್ಯೇಕ ಹೆಸರಿಲ್ಲ. ಶೇ. 40ರ ಅಂಗವೈಕಲ್ಯ ಪ್ರಮಾಣಪತ್ರ ಇಲ್ಲದ ಮನೆಗೆ ಪಿಂಚಣಿಯ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಮನೆಗೆ ಬರುವ ಕಾರ್ಯಕರ್ತರ ನೆರವನ್ನು ಪ್ರಮಾಣಪತ್ರಕ್ಕೆ ಕಟ್ಟಿಹಾಕಬಾರದು.

ದರ್ಗಾಕ್ಕೆ, ದೇವರ ಗುಡಿಗೆ ಹೋಗುವವರನ್ನು ಗದರಿಸುವುದರಿಂದ ಏನೂ ಸಾಧಿಸಿದಂತಾಗದು. ಗುಜರಾತಿನ ಉನಾವದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರ ಚಿಕಿತ್ಸೆ ಸಿಗುವಂತೆ ದವಾ-ದುವಾ ಕಾರ್ಯಕ್ರಮ ನಡೆಯಿತು. ದವಾ, ದುವಾ ಎರಡೂ ಮಾತು ರಾಯಚೂರು ಸೀಮೆಯವರ ನಾಲಿಗೆಯ ಮೇಲೆ ಆಗಲೇ ಇವೆ. ಅಡ್ಡಿ ಮಾಡಬೇಕಾದದ್ದು ಕಟ್ಟಿಹಾಕುವ, ಬರೆ ಹಾಕುವ ಕಡೆ. ಸಾಲಿಯಲ್ಲಂತೂ ಮಕ್ಕಳನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ನಿಷಿದ್ಧ.

ಗುಳೆಯ ಮಾತು ಬಾರದೆ ಈ ಸೀಮೆಯ ಯಾವ ಯೋಜನೆಯೂ ಪೂರ್ತಿಯಾಗದು. ಸುಗ್ಗಿ ಮುಗಿದ ಮೇಲೆ ಮಾನ್ವಿ, ದೇವದುರ್ಗದ ಅನೇಕ ಕುಟುಂಬಗಳು ಬೆಂಗಳೂರು, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಮಗು ಅಜ್ಜಿಯ ಹತ್ತಿರ ಉಳಿಯುತ್ತದೆ, ಇಲ್ಲವೇ ಶೆಡ್ಡಿಗೆ ಹೋಗುತ್ತದೆ. ತಾಯಿಗೆ ಕಲಿಸಿದ್ದು ಅಜ್ಜಿಗೆ ಗೊತ್ತಿರುವುದಿಲ್ಲ, ಮಂಗಳವಾರದ ವೈದ್ಯರು ಕಂಡ ಮಗು ಮುಂದಿನ ಭೇಟಿಯ ಹೊತ್ತಿಗೆ ಊರಲ್ಲೇ ಇರುವುದಿಲ್ಲ. ಹಾಗಾಗಿ ಮೊದಲ ದಿನದಿಂದಲೇ ಅಜ್ಜಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕು, ಮಗುವಿನ ಚಿಕಿತ್ಸೆಯ ಚೀಟಿ ಕುಟುಂಬದ ಕೈಯಲ್ಲೇ ಇರಬೇಕು, ಹೊರಡುವ ಮುಂಚೆ ಆಶಾ ಒಮ್ಮೆ ಬಂದು ಹೋಗಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಬೆಂಗಳೂರಿನ ಶೆಡ್ಡಿನಿಂದ ತಾಯಿಯೂ ಮಾನ್ವಿಯ ಓಣಿಯಿಂದ ಅಜ್ಜಿಯೂ ಹಗಲು ರಾತ್ರಿ ಯಾವಾಗ ಬೇಕಾದರೂ ಪುಕ್ಕಟೆ ಫೋನ್ ಹಚ್ಚಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಐದು ಅಂಕಿಗಳನ್ನು ಗುಳೆ ಹೊರಡುವ ಬಸ್ ನಿಲ್ದಾಣದ ಗೋಡೆಗೆ ದೊಡ್ಡದಾಗಿ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.