ಟರ್ಬೊ ಒತ್ತಡದ ಏರಿಳಿತ: ಬದಲಿಸುವ ಮುನ್ನ ಪರೀಕ್ಷಿಸಿ

ಮೈಸೂರು: ಹುಣಸೂರು ಮತ್ತು ಪಿರಿಯಾಪಟ್ಟಣದ ತಂಬಾಕು, ಕೆ.ಆರ್. ನಗರದ ಭತ್ತ, ಎಚ್.ಡಿ. ಕೋಟೆಯ ಹತ್ತಿ. ಬೆಳೆ ಯಾವುದೇ ಇರಲಿ, ಅದು ಮಾರುಕಟ್ಟೆ ಸೇರುವುದು ಡೀಸೆಲ್ ವಾಹನಗಳ ಬಲದಿಂದಲೇ. ಬೇಲುಗಳನ್ನು ಹೇರಿಕೊಂಡು ಹರಾಜು ಮಾರುಕಟ್ಟೆಗೆ ಹೊರಟ ಪಿಕಪ್ ವಾಹನವು ಏರಿನಲ್ಲಿ ಒಮ್ಮೆ ಜಗ್ಗಿ, ಮರುಕ್ಷಣ ಸೊರಗಿ, ಕಪ್ಪು ಹೊಗೆ ಉಗುಳತೊಡಗಿದರೆ ಚಾಲಕನಿಗೆ ತೋಚುವ ಮಾತು ಒಂದೇ: 'ಗಾಡಿ ಎಳೆಯುತ್ತಿಲ್ಲ'. ಗ್ಯಾರೇಜಿನಲ್ಲಿ ಅದಕ್ಕೆ ಹಲವೊಮ್ಮೆ ದೊರೆಯುವ ಉತ್ತರವೂ ಒಂದೇ: 'ಟರ್ಬೊ ಹೋಗಿದೆ'.

ಈ ಉತ್ತರ ದುಬಾರಿಯಾದದ್ದು. ಒತ್ತಡದಲ್ಲಿ ಏರಿಳಿತ ಕಂಡಾಗಲೆಲ್ಲ ದೋಷ ಟರ್ಬೊದಲ್ಲಿಯೇ ಇರಬೇಕೆಂದಿಲ್ಲ. ಬಿರುಕು ಬಿಟ್ಟ ರಬ್ಬರ್ ಪೈಪ್ ಅಥವಾ ಸಡಿಲಗೊಂಡ ಕ್ಲಾಂಪ್ ಕೂಡ ಇದೇ ಲಕ್ಷಣವನ್ನು ತೋರಿಸುತ್ತದೆ. ಆದುದರಿಂದ ಪರೀಕ್ಷೆಯು ಅಗ್ಗದ ಭಾಗದಿಂದ ಆರಂಭವಾಗಿ ದುಬಾರಿ ಭಾಗದಲ್ಲಿ ಮುಗಿಯಬೇಕು.

ಟರ್ಬೊ ಕೆಲಸವೇನು?

ಎಂಜಿನ್ ಹೊರಹಾಕುವ ಬಿಸಿ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಹೆಚ್ಚು ಗಾಳಿ ದೊರೆತರೆ ಹೆಚ್ಚು ಡೀಸೆಲ್ ಪೂರ್ಣವಾಗಿ ಉರಿದು ಹೆಚ್ಚು ಶಕ್ತಿ ಹುಟ್ಟುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಈ ತತ್ವಕ್ಕೆ ಪೇಟೆಂಟ್ ಪಡೆದರು. ಇಂದಿನ ಸಣ್ಣ ವಾಹನಗಳ ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಗಿಲು ಸುತ್ತು ತಿರುಗಬಲ್ಲದು.

ಆಕ್ಸಿಲರೇಟರ್ ಒತ್ತಿದಾಗ ಗಾಳಿಯ ಒತ್ತಡ ಏರುವುದು, ಬಿಟ್ಟಾಗ ಇಳಿಯುವುದು ಸಹಜ. ಸಮತಟ್ಟಾದ ರಸ್ತೆಯಲ್ಲಿ ಒಂದೇ ಗೇರ್, ಒಂದೇ ವೇಗದಲ್ಲಿ ಪೆಡಲ್ ಕದಲಿಸದೆ ಸಾಗುವಾಗಲೂ ಒತ್ತಡ ತೂಗಾಡಿದರೆ ಮಾತ್ರ ಅದನ್ನು ದೋಷವೆನ್ನಬೇಕು.

ಮೊದಲು ಗಾಳಿಯ ದಾರಿ

ಬೇಸಿಗೆಯಲ್ಲಿ ಹಳ್ಳಿಯ ಮಣ್ಣಿನ ರಸ್ತೆಗಳಲ್ಲಿ ಓಡುವ ವಾಹನದ ಏರ್ ಫಿಲ್ಟರ್ ಬೇಗನೆ ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಇದೇ ಮೊದಲ ತಪಾಸಣೆ. ಬಳಿಕ ಟರ್ಬೊದಿಂದ ಇಂಟರ್‌ಕೂಲರ್ ಮೂಲಕ ಎಂಜಿನ್‌ವರೆಗಿನ ಹೋಸ್ ಪೈಪ್‌ಗಳನ್ನು ನೋಡಬೇಕು. ಕೀಲುಗಳಲ್ಲಿ ಎಣ್ಣೆಯ ಪಸೆಯ ಮೇಲೆ ಧೂಳು ಅಂಟಿದ್ದರೆ ಅಲ್ಲಿ ಗಾಳಿ ಸೋರುತ್ತಿರುವ ಸಾಧ್ಯತೆ ಉಂಟು. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಪೈಪ್‌ಗೆ ಮಿತವಾದ ಒತ್ತಡದ ಗಾಳಿ ತುಂಬಿಸಿ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳು ಸೋರಿಕೆಯ ಜಾಗವನ್ನು ತೋರಿಸುತ್ತವೆ. ಭಾರ ಎಳೆಯುವಾಗ ಕಪ್ಪು ಹೊಗೆಯೊಡನೆ 'ಸುಯ್' ಎಂಬ ಸದ್ದು ಕೇಳಿಸುವುದು ಇಂತಹ ಸೋರಿಕೆಯ ಸಾಮಾನ್ಯ ಗುರುತು.

ಎರಡನೆಯದು ವ್ಯಾಕ್ಯೂಮ್ ಪೈಪ್. ಅನೇಕ ವಾಹನಗಳಲ್ಲಿ ಟರ್ಬೊ ಒತ್ತಡವನ್ನು ಹಿಡಿತದಲ್ಲಿಡುವ ಆ್ಯಕ್ಚುಯೇಟರ್ ನಿರ್ವಾತದಿಂದ ಕೆಲಸ ಮಾಡುತ್ತದೆ. ಅದಕ್ಕೆ ಹೋಗುವ ಸಣ್ಣ ರಬ್ಬರ್ ಪೈಪ್ ಬಿಸಿಗೆ ಬಿರಿಯಬಹುದು. ಕೊಟ್ಟಿಗೆಯ ಪಕ್ಕ ನಿಲ್ಲಿಸುವ ವಾಹನದಲ್ಲಿ ಇಲಿ ಕಡಿದಿರಲೂಬಹುದು. ಕೈಪಂಪ್‌ನಿಂದ ನಿರ್ವಾತ ಕೊಟ್ಟಾಗ ಆ್ಯಕ್ಚುಯೇಟರ್ ಸರಳು ತಡೆಯಿಲ್ಲದೆ ಸರಿದು ಅಲ್ಲಿಯೇ ನಿಲ್ಲಬೇಕು. ತಡೆದು ತಡೆದು ಸರಿದರೆ ಒಳಗಿನ ರೆಕ್ಕೆಗಳಿಗೆ ಮಸಿ ಕಟ್ಟಿರಬಹುದು. ನಿಲ್ಲದೆ ಹಿಂದಿರುಗಿದರೆ ಆ್ಯಕ್ಚುಯೇಟರ್ ಸೋರುತ್ತಿದೆ ಎಂದರ್ಥ.

ಸ್ಕ್ಯಾನರ್ ಹೇಳುವ ಕಥೆ

ಎಂಜಿನ್ ಕಂಪ್ಯೂಟರ್ ಇರುವ ವಾಹನದಲ್ಲಿ ಸ್ಕ್ಯಾನರ್ ಜೋಡಿಸಿ, ಕಂಪ್ಯೂಟರ್ ಬಯಸಿದ ಒತ್ತಡ ಮತ್ತು ನಿಜವಾಗಿ ದೊರೆತ ಒತ್ತಡ ಇವೆರಡನ್ನೂ ವಾಹನ ಓಡುತ್ತಿರುವಾಗಲೇ ಹೋಲಿಸಬೇಕು. ದೊರೆತದ್ದು ಸದಾ ಕಡಿಮೆಯಿದ್ದರೆ ಸೋರಿಕೆ ಅಥವಾ ಅಡೆತಡೆಯ ಶಂಕೆ. ಬಯಸಿದ್ದಕ್ಕಿಂತ ಮೇಲೆ ಜಿಗಿದು ಬಳಿಕ ಕುಸಿದರೆ ರೆಕ್ಕೆ ಅಥವಾ ಆ್ಯಕ್ಚುಯೇಟರ್ ಸಿಕ್ಕಿಕೊಂಡಿರಬಹುದು. ಆಗ ಕಂಪ್ಯೂಟರ್ ರಕ್ಷಣೆಗಾಗಿ ಶಕ್ತಿಯನ್ನು ತಗ್ಗಿಸುತ್ತದೆ. ಕೀ ತೆಗೆದು ಮತ್ತೆ ಹಾಕಿದರೆ ವಾಹನ ಸರಿಯಾಗಿ, ಮುಂದಿನ ಏರಿನಲ್ಲಿ ಪುನಃ ಸೊರಗುವುದು ಇದರ ಲಕ್ಷಣ. ಎರಡೂ ಅಂಕಿಗಳು ಒಟ್ಟಿಗೆ ತೂಗಾಡಿದರೆ ಡೀಸೆಲ್ ಫಿಲ್ಟರ್, ಇಂಧನದ ಒತ್ತಡ ಅಥವಾ ಪೆಡಲ್ ಸೆನ್ಸರ್‌ನತ್ತ ಗಮನ ಹರಿಸಬೇಕು.

ಸೆನ್ಸರ್ ಪರೀಕ್ಷೆಗೆ ಸುಲಭ ಉಪಾಯವಿದೆ. ಕೀ ಆನ್ ಮಾಡಿ ಎಂಜಿನ್ ಚಾಲೂ ಮಾಡದಿದ್ದಾಗ ಒತ್ತಡದ ಸೆನ್ಸರ್ ಹೊರಗಿನ ವಾಯುಭಾರವನ್ನೇ ತೋರಿಸಬೇಕು. ಆದರೆ ಅದು ಎಲ್ಲೆಡೆ ಒಂದೇ ಅಲ್ಲ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಮೈಸೂರಿನಲ್ಲಿ ಅದು 0.92 ಬಾರ್ ಆಸುಪಾಸಿನಲ್ಲಿರುತ್ತದೆ. ಪಿರಿಯಾಪಟ್ಟಣ ದಾಟಿ ಘಟ್ಟ ಏರಿ, ಸುಮಾರು 1,150 ಮೀಟರ್ ಎತ್ತರದ ಮಡಿಕೇರಿ ತಲುಪುವ ವೇಳೆಗೆ 0.88 ಬಾರ್‌ಗೆ ಇಳಿಯುತ್ತದೆ. ಪುಸ್ತಕದಲ್ಲಿರುವ 1.01 ಬಾರ್ ಸಮುದ್ರಮಟ್ಟದ ಲೆಕ್ಕ. ಇದನ್ನರಿಯದೆ ಒಳ್ಳೆಯ ಸೆನ್ಸರನ್ನು ಕಿತ್ತೆಸೆಯಬಾರದು.

2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6 ನಿಯಮದ ಡೀಸೆಲ್ ವಾಹನಗಳಲ್ಲಿ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಸಾಮಾನ್ಯ. ಅದು ಕಟ್ಟಿಕೊಂಡರೆ ಹೊಗೆ ಸರಾಗವಾಗಿ ಹೊರಹೋಗದೆ ಟರ್ಬೊ ಸೊರಗುತ್ತದೆ. ನಿಧಾನವಾಗಿ, ಹತ್ತಿರದ ಊರುಗಳ ನಡುವೆಯಷ್ಟೇ ಓಡುವ ವಾಹನಗಳಿಗೆ ಈ ತೊಂದರೆ ಹೆಚ್ಚು.

ಕೊನೆಗೆ ಟರ್ಬೊ

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಟರ್ಬೊದ ದಂಡ ಅತ್ತಿತ್ತ ಅತಿಯಾಗಿ ಅಲುಗಾಡುತ್ತದೆಯೇ, ಚಕ್ರ ಗೋಡೆಗೆ ತಾಗಿದೆಯೇ ಎಂದು ಪರೀಕ್ಷಿಸಬೇಕು. ನೀಲಿ ಹೊಗೆಯೊಂದಿಗೆ ಎಂಜಿನ್ ಆಯಿಲ್ ವೇಗವಾಗಿ ಖಾಲಿಯಾಗುತ್ತಿದ್ದರೆ ವಾಹನ ಓಡಿಸಲೇಬಾರದು. ಟರ್ಬೊದ ಸೀಲ್ ಸೋರಿ ಆಯಿಲ್ ಎಂಜಿನ್ ಒಳಗೆ ನುಗ್ಗಿದರೆ ಎಂಜಿನ್ ಅದನ್ನೇ ಉರಿಸಿಕೊಂಡು, ಕೀ ತೆಗೆದರೂ ನಿಲ್ಲದೆ ಹುಚ್ಚಾಪಟ್ಟೆ ಓಡುವ ಅಪಾಯವಿದೆ.

ಟರ್ಬೊ ಬಾಳಿಕೆಗೆ ಎರಡು ಅಭ್ಯಾಸಗಳು ನೆರವಾಗುತ್ತವೆ: ಕಾಲಕ್ಕೆ ಸರಿಯಾಗಿ ಆಯಿಲ್ ಬದಲಿಸುವುದು, ಭಾರ ಹೊತ್ತು ಏರು ಹತ್ತಿದ ಮೇಲೆ ಎಂಜಿನನ್ನು ಒಂದೆರಡು ನಿಮಿಷ ನಿಧಾನಗತಿಯಲ್ಲಿ ಬಿಟ್ಟು ನಂತರ ಆಫ್ ಮಾಡುವುದು.

ಹೊಸ ಟರ್ಬೊಗೆ ಒಪ್ಪಿಗೆ ಕೊಡುವ ಮುನ್ನ ಮಾಲೀಕರು ಮೆಕ್ಯಾನಿಕ್‌ಗೆ ಮೂರು ಪ್ರಶ್ನೆ ಕೇಳುವುದು ಒಳಿತು. ಸೋರಿಕೆ ಪರೀಕ್ಷೆ ಮಾಡಿದ್ದೀರಾ? ಆ್ಯಕ್ಚುಯೇಟರ್ ನೋಡಿದ್ದೀರಾ? ಸ್ಕ್ಯಾನರ್ ಅಂಕಿಗಳನ್ನು ತೋರಿಸುವಿರಾ? ಮೂರಕ್ಕೂ ಉತ್ತರ ದೊರೆಯುವವರೆಗೆ ಹಳೆಯ ಟರ್ಬೊ ಬಿಚ್ಚುವುದು ಬೇಡ.