ಬೀಗದ ಕೈಯಿಂದ ಗುಪ್ತಸಂಖ್ಯೆಯವರೆಗೆ

ಉತ್ತರ ಕರ್ನಾಟಕದವರು ಬೀಗಕ್ಕೆ ಕೀಲಿಯೆಂದೂ ಅದನ್ನು ತೆರೆಯುವ ಸಾಧನಕ್ಕೆ ಕೀಲಿಕೈಯೆಂದೂ ಹೇಳುತ್ತಾರೆ. ಮೈಸೂರು ಸೀಮೆಯವರು ಬೀಗ, ಬೀಗದ ಕೈ ಎನ್ನುತ್ತಾರೆ. ಎರಡೂ ಕಡೆಗಳಲ್ಲಿ ‘ಕೈ’ ಎಂಬ ಮಾತು ಉಳಿದಿರುವುದು ಅರ್ಥಪೂರ್ಣವಾಗಿದೆ. ಬೀಗ ಯಾರ ಕೈಗೆ ಒಳಪಟ್ಟಿದೆಯೆಂಬುದು ಹಿಂದೆ ಮನೆಮಂದಿಗೆಲ್ಲ ತಿಳಿದಿರುತ್ತಿತ್ತು. ಗೊಂಚಲು ಅತ್ತೆಯ ಸೊಂಟದಲ್ಲಿರುವವರೆಗೆ ಉಗ್ರಾಣದ ಆಡಳಿತ ಅತ್ತೆಯದು. ಅದು ಸೊಸೆಯ ಸೊಂಟಕ್ಕೆ ಬಂದ ದಿನ ಅಧಿಕಾರವೂ ಕೈ ಬದಲಾಯಿಸುತ್ತಿತ್ತು. ಇಂದು ಪಟ್ಟಣಗಳ ಮನೆಬಾಗಿಲಿಗೆ ಬಂದಿರುವ ವಿದ್ಯುನ್ಮಾನ ಬೀಗಗಳಲ್ಲಿ ಸಂಖ್ಯೆಯುಂಟು, ಕಾರ್ಡು ಉಂಟು, ಬೆರಳಚ್ಚು ಉಂಟು. ಕಣ್ಣಿಗೆ ಕಾಣುವ ಗೊಂಚಲು ಇಲ್ಲ. ಗೊಂಚಲು ಕಳೆದರೆ ಅಂದೇ ತಿಳಿಯುತ್ತದೆ. ಸಂಖ್ಯೆಯನ್ನು ಅನ್ಯರು ಅರಿತುಕೊಂಡರೆ ನಮ್ಮಿಂದ ಏನೂ ಕಳೆದಂತೆ ತೋರುವುದಿಲ್ಲ. ಈ ಬೀಗಗಳ ವಿಷಯದಲ್ಲಿ ಗೃಹಸ್ಥರು ಮೊದಲು ಮನಗಾಣಬೇಕಾದ ವ್ಯತ್ಯಾಸ ಇದೇ.

ಇಂಥ ಬೀಗದಲ್ಲಿ ಎರಡು ಬಗೆಯ ಸಂಖ್ಯೆಗಳಿರುತ್ತವೆ. ಒಂದು ಬಾಗಿಲು ತೆರೆಯುವುದಕ್ಕೆ. ಇನ್ನೊಂದು, ಯಾರು ಯಾರು ತೆರೆಯಬಹುದೆಂಬುದನ್ನು ನಿರ್ಧರಿಸುವುದಕ್ಕೆ. ಇದನ್ನೇ ಮಾಸ್ಟರ್ ಕೋಡ್ ಎನ್ನುವರು. ಹೊಸ ಸಂಖ್ಯೆ ಸೇರಿಸುವುದು, ಹಳೆಯದನ್ನು ಅಳಿಸುವುದು ಎಲ್ಲವೂ ಇದರ ಅಧೀನ. ಅನೇಕ ಮಾದರಿಗಳಲ್ಲಿ ಕಾರ್ಖಾನೆಯಿಂದ ಬರುವಾಗ ಎಲ್ಲ ಬೀಗಗಳಿಗೂ ಒಂದೇ ಮಾಸ್ಟರ್ ಸಂಖ್ಯೆಯನ್ನಿಟ್ಟು ಅದನ್ನು ಕೈಪಿಡಿಯಲ್ಲಿ ಅಚ್ಚು ಹಾಕಿರುತ್ತಾರೆ. ಬೀಗ ಜೋಡಿಸುವವನು ಅದನ್ನು ಬದಲಾಯಿಸದೆ ಹೋದರೆ, ಮನೆಯವರೂ ಬದಲಾಯಿಸದಿದ್ದರೆ, ಆ ಕೈಪಿಡಿಯನ್ನು ಓದಿದವರೆಲ್ಲ ಆ ಮನೆಯ ಯಜಮಾನರೇ ಸರಿ.

ನಾಲ್ಕು ಅಂಕಿಗಳಿಂದ 10,000 ಸಂಖ್ಯೆಗಳು ಸಾಧ್ಯ. ಆರು ಅಂಕಿಗಳಿಂದ 10 ಲಕ್ಷ. ಆದರೆ ಜನರು ಆರಿಸಿಕೊಳ್ಳುವುದು 1234, ಇಲ್ಲವೆ ಮಗುವಿನ ಹುಟ್ಟಿದ ದಿನ. ದಿನ ಮತ್ತು ತಿಂಗಳನ್ನು ಸೇರಿಸಿದರೆ ಆಗುವ ಸಂಖ್ಯೆಗಳು 366 ಮಾತ್ರ. ಒಂದೇ ಸಂಖ್ಯೆಯನ್ನು ವರ್ಷಗಟ್ಟಲೆ ಒತ್ತಿದಾಗ ಗುಂಡಿಗಳು ಸವೆದು ಮಾಸುತ್ತವೆ. ನಾಲ್ಕು ಗುಂಡಿಗಳು ಸವೆದಿದ್ದರೆ ಪರೀಕ್ಷಿಸಬೇಕಾದ ಕ್ರಮಗಳು ಕೇವಲ 24. ಒಂದು ಅಂಕಿಯನ್ನು ಎರಡು ಸಲ ಬಳಸಿ ಮೂರೇ ಗುಂಡಿ ಸವೆದಿದ್ದರೆ ಕ್ರಮಗಳು 36. ಕಡಿಮೆ ಗುಂಡಿಯಿದ್ದಲ್ಲಿ ಹೆಚ್ಚು ರಕ್ಷಣೆಯೆಂಬುದು ಗಣಿತದ ಒಂದು ವಿನೋದ. ಕೆಲವು ತಿಂಗಳಿಗೊಮ್ಮೆ ಸಂಖ್ಯೆಯನ್ನು ಬದಲಾಯಿಸಿ ಗುಂಡಿಗಳನ್ನು ಒರೆಸುತ್ತಿದ್ದರೆ ಈ ಲೆಕ್ಕಾಚಾರದ ಗೊಡವೆ ಇರದು.

ಮಾಸ್ಟರ್ ಕೀಯ ಮಹಿಮೆಯನ್ನೂ ಅದರ ಅಪಾಯವನ್ನೂ ಅರಿಯಬೇಕಾದರೆ ಹೋಟೆಲುಗಳ ಚರಿತ್ರೆಯನ್ನು ನೋಡಬೇಕು. ನಾರ್ವೆ ದೇಶದ ಟೂರ್ ಸೋರ್ನೆಸ್ ಎಂಬವರು 1970ರ ದಶಕದಲ್ಲಿ ರಂಧ್ರಗಳುಳ್ಳ ಕಾರ್ಡಿನಿಂದ ತೆರೆಯುವ ಬೀಗವನ್ನು ರೂಪಿಸಿದರು. 32 ಸ್ಥಾನಗಳಲ್ಲಿ ರಂಧ್ರ ಇರುವುದು ಅಥವಾ ಇಲ್ಲದಿರುವುದರಿಂದ 400 ಕೋಟಿಗೂ ಮಿಕ್ಕಿದ ಭೇದಗಳಾಗುತ್ತವೆ. ಪ್ರತಿ ಅತಿಥಿಗೂ ಹೊಸ ಕಾರ್ಡು, ಹಿಂದಿನವನದು ನಿರುಪಯುಕ್ತ. ತತ್ತ್ವ ಸೊಗಸಾದದ್ದೇ. ಆದರೆ ಕೊಠಡಿ ಶುಚಿ ಮಾಡುವವರಿಗೆ, ಮೇಲ್ವಿಚಾರಕರಿಗೆ ಎಲ್ಲ ಬಾಗಿಲುಗಳನ್ನೂ ತೆರೆಯುವ ಒಂದು ಕೀಲಿಕೈ ಬೇಕೇ ಬೇಕು. ಆ ಒಂದರಲ್ಲಿ ದೋಷವಿದ್ದರೆ ಉಳಿದ ಸಾವಿರ ಬಾಗಿಲುಗಳ ಭದ್ರತೆಯೂ ವ್ಯರ್ಥ.

2012ರಲ್ಲಿ ಅಮೆರಿಕದ ಕೋಡಿ ಬ್ರೋಷಸ್ ಎಂಬ ತರುಣ ತಂತ್ರಜ್ಞ, ಆನಿಟಿ ಕಂಪನಿಯ ಬೀಗದ ಕೆಳಭಾಗದಲ್ಲಿದ್ದ ಸಣ್ಣ ರಂಧ್ರಕ್ಕೆ 50 ಡಾಲರಿಗೂ ಕಡಮೆ ಬೆಲೆಯ ಉಪಕರಣವನ್ನು ಜೋಡಿಸಿ, ಒಳಗಿನ ರಹಸ್ಯಸಂಖ್ಯೆಯನ್ನು ಓದಿ ಬಾಗಿಲು ತೆರೆಯಬಹುದೆಂದು ತೋರಿಸಿದನು. ಅದೇ ವರ್ಷ ಹ್ಯೂಸ್ಟನ್ ನಗರದ ಹೋಟೆಲಿನಲ್ಲಿ ಈ ಮಾರ್ಗದಿಂದಲೇ ಕಳವುಗಳಾದವು. ಇನ್ನೊಂದು ಕಥೆ ಇದಕ್ಕಿಂತ ವಿಚಿತ್ರ. 2003ರಲ್ಲಿ ಬರ್ಲಿನ್ನಿನ ಹೋಟೆಲಿನಿಂದ ಒಬ್ಬರ ಲ್ಯಾಪ್‌ಟಾಪ್ ಕಳುವಾಯಿತು. ಬಾಗಿಲು ಮುರಿದ ಗುರುತಿಲ್ಲವೆಂದು ಸಿಬ್ಬಂದಿ ದೂರನ್ನು ನಂಬಲಿಲ್ಲ. ಕಳೆದುಕೊಂಡವರ ಸಹೋದ್ಯೋಗಿಗಳಾದ ಫಿನ್ಲೆಂಡಿನ ಟೋಮಿ ತೂಓಮಿನೆನ್ ಮತ್ತು ತಿಮೊ ಹಿರ್ವೊನೆನ್ ಅದರ ಬೆನ್ನು ಹತ್ತಿ, ಹದಿನೈದು ವರ್ಷಗಳ ಅನಂತರ, 2018ರಲ್ಲಿ, ಅವಧಿ ಮುಗಿದ ಯಾವುದೇ ಹಳೆಯ ಕಾರ್ಡಿನಿಂದ ಆ ಹೋಟೆಲಿನ ಮಾಸ್ಟರ್ ಕೀಯನ್ನು ಕೆಲವೇ ನಿಮಿಷಗಳಲ್ಲಿ ಸೃಷ್ಟಿಸಬಹುದೆಂದು ಸಿದ್ಧಪಡಿಸಿದರು. ತಯಾರಕರು ಪರಿಹಾರವನ್ನೂ ಒದಗಿಸಿದರು. 2024ರ ಮಾರ್ಚಿಯಲ್ಲಿ ಸಾಫ್ಲಾಕ್ ಎಂಬ ಬೀಗಗಳಲ್ಲಿಯೂ ಇಂಥದೇ ದೋಷ ಬಹಿರಂಗವಾಯಿತು. 131 ದೇಶಗಳ 30 ಲಕ್ಷಕ್ಕೂ ಮಿಕ್ಕಿದ ಬಾಗಿಲುಗಳು, ಅವುಗಳಲ್ಲಿ ಆ ಹೊತ್ತಿಗೆ ಸರಿಪಡಿಸಿದ್ದು ಶೇಕಡಾ 36 ಮಾತ್ರ. ಪ್ರವಾಸದಲ್ಲಿರುವವರು ಕಾರ್ಡನ್ನೇ ನಂಬದೆ ಒಳಗಿನ ಅಗುಳಿ ಅಥವಾ ಸರಪಳಿಯನ್ನು ಹಾಕಿಕೊಳ್ಳುವುದು ಮೇಲು.

ಇನ್ನು ಮನೆಯ ಮಾತು. ಅಡುಗೆಯವಳಿಗೆ, ಹಾಲಿನವನಿಗೆ, ಮಕ್ಕಳಿಗೆ, ನೆಂಟರಿಗೆ ಎಲ್ಲರಿಗೂ ಒಂದೇ ಸಂಖ್ಯೆಯನ್ನು ಹೇಳಿಬಿಡುವ ಮನೆಗಳೇ ಹೆಚ್ಚು. ಬಳೆಯೊಂದು ಕಾಣೆಯಾದ ದಿನ ಅನುಮಾನ ಯಾರ ಮೇಲೆ ಬೀಳುತ್ತದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಬಡವಳೇ ಮೊದಲ ಗುರಿ. ಒಬ್ಬೊಬ್ಬರಿಗೂ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟರೆ, ಯಾವ ಸಂಖ್ಯೆಯಿಂದ ಯಾವ ಗಳಿಗೆಯಲ್ಲಿ ಬಾಗಿಲು ತೆರೆಯಿತೆಂಬುದನ್ನು ಬರೆದಿಡುವ ಬೀಗಗಳಲ್ಲಿ ಆ ದಾಖಲೆಯೇ ನಿರಪರಾಧಿಯ ಪರವಾಗಿ ಸಾಕ್ಷಿ ನುಡಿಯುತ್ತದೆ. ಇಂಥ ದಾಖಲೆ ಇದೆಯೆಂಬುದನ್ನು ಅವಳಿಗೆ ಮುಂಚೆಯೇ ತಿಳಿಸುವುದು ಯಜಮಾನರ ಕರ್ತವ್ಯವೆಂದೇ ನಮ್ಮ ಅಭಿಪ್ರಾಯ. ಕೆಲಸ ಬಿಟ್ಟವರ ಸಂಖ್ಯೆಯನ್ನು ಲೆಕ್ಕ ತೀರಿಸಿದ ದಿನವೇ ಅಳಿಸಬೇಕು.

ಮಾಸ್ಟರ್ ಸಂಖ್ಯೆ ಒಬ್ಬರಲ್ಲಿಯೇ ಇದ್ದರೆ ಬೇರೊಂದು ಸಂಕಟ. ನಮ್ಮ ಪರಿಚಯದ ವೃದ್ಧರೊಬ್ಬರ ಮಗ ಹೊರದೇಶದಲ್ಲಿದ್ದುಕೊಂಡೇ ಬೆಂಗಳೂರಿನ ಮನೆಗೆ ಬೀಗ ಹಾಕಿಸಿ ಸಂಖ್ಯೆಗಳನ್ನೆಲ್ಲ ತನ್ನ ಫೋನಿನಲ್ಲಿ ಇಟ್ಟುಕೊಂಡಿದ್ದನು. ತಾಯಿ ಊರಿಗೆ ಹೋಗಿದ್ದ ದಿನ ತಂದೆ ಬಚ್ಚಲಲ್ಲಿ ಜಾರಿ ಬಿದ್ದರು. ಕೂಗು ಕೇಳಿ ನೆರೆಯವರು ಬಾಗಿಲಿಗೆ ಬಂದರೆ ಸಂಖ್ಯೆ ಯಾರಿಗೂ ಗೊತ್ತಿಲ್ಲ; ಅಲ್ಲಿ ಮಧ್ಯರಾತ್ರಿ, ಮಗನಿಗೆ ಗಾಢನಿದ್ರೆ. ಅವನು ಎಚ್ಚೆತ್ತು ಸಂಖ್ಯೆ ಹೇಳುವ ಹೊತ್ತಿಗೆ ಮುಕ್ಕಾಲು ಗಂಟೆ ಸಂದಿತ್ತು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಮರುದಿನ ಬಂದ ತಾಯಿ ಫೋನಿನಲ್ಲಿ ಕೇಳಿದ್ದು ಇಷ್ಟೇ: “ತಮ್ಮಾ, ಈ ಕೀಲಿ ಕಳ್ಳಗ ಹಾಕ್ಸೀಯೋ, ನಿಮ್ಮ ಅಪ್ಪಗ ಹಾಕ್ಸೀಯೋ?”

ಇದು ಯಂತ್ರದ ದೋಷವಲ್ಲ. ಲೋಹದ ಬೀಗಗಳೂ ಹೀಗೆ ಕೈಕೊಟ್ಟಿವೆ. ಪುರಿಯ ಜಗನ್ನಾಥ ದೇವಾಲಯದ ರತ್ನಭಂಡಾರದ ಒಳಕೋಣೆಯ ಕೀಲಿಕೈ ಕಾಣೆಯಾಗಿದೆಯೆಂಬುದು 2018ರಲ್ಲಿ ಬೆಳಕಿಗೆ ಬಂದು ದೊಡ್ಡ ವಿವಾದವಾಯಿತು. 2024ರ ಜುಲೈ 14ರಂದು ಇದ್ದ ಕೈಗಳಿಂದ ತೆರೆಯದೆ ಬೀಗಗಳನ್ನೇ ಒಡೆಯಬೇಕಾಯಿತು.

ಬ್ಯಾಂಕುಗಳ ಲಾಕರ್ ವ್ಯವಸ್ಥೆಯಲ್ಲಿ ಇದಕ್ಕೆ ಒಳ್ಳೆಯ ಮಾದರಿಯಿದೆ. ಸಾಮಾನ್ಯ ಲಾಕರಿಗೆ ಬ್ಯಾಂಕಿನದೊಂದು, ಗ್ರಾಹಕನದೊಂದು, ಹೀಗೆ ಎರಡು ಕೈಗಳು ಕೂಡಬೇಕು. ವಿದ್ಯುನ್ಮಾನ ಲಾಕರುಗಳನ್ನು ಅನಿವಾರ್ಯವಾಗಿ ತೆರೆಯಬೇಕಾದಾಗ ಬಳಸುವ ಮೇಲಧಿಕಾರದ ಪಾಸ್‌ವರ್ಡು ಹಿರಿಯ ಅಧಿಕಾರಿಯೊಬ್ಬರಲ್ಲಿರಬೇಕು, ಅದರ ಬಳಕೆಯ ಪೂರ್ಣ ದಾಖಲೆ ಉಳಿಯಬೇಕು ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟ್ 18ರ ನಿರ್ದೇಶನಗಳಲ್ಲಿ ವಿಧಿಸಿತು. ಮನೆಗೆ ಅಷ್ಟು ವಿಧಿಗಳು ಬೇಡ. ಮಾಸ್ಟರ್ ಸಂಖ್ಯೆ ಪತಿ ಪತ್ನಿ ಇಬ್ಬರಿಗೂ ತಿಳಿದಿರಲಿ. ಬರೆದ ಚೀಟಿಯನ್ನು ಲಕೋಟೆಯಲ್ಲಿ ಮುಚ್ಚಿ ಅದೇ ಊರಿನ ನಂಬುಗೆಯ ಬಂಧುವಿನಲ್ಲಿಡಲಿ. ಸಂಖ್ಯೆ ಬದಲಾದಾಗ ಚೀಟಿಯೂ ಬದಲಾಗಲಿ. ಮಾರಾಟವಾದ ಮನೆಗೆ ಹೊಸಬರು ಕಾಲಿಟ್ಟೊಡನೆ ಹಳೆಯ ಸಂಖ್ಯೆಗಳನ್ನು, ಫೋನಿನ ಜೋಡಣೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಹೂಡಬೇಕು.

ಬ್ಯಾಟರಿ ಕುಗ್ಗಿದಾಗ ಬೀಗ ಸದ್ದು ಮಾಡಿ ಎಚ್ಚರಿಸುತ್ತದೆ. ಆ ಸದ್ದನ್ನು ವಾರಗಟ್ಟಲೆ ಅಲಕ್ಷಿಸುವವರುಂಟು. ಅನೇಕ ಬೀಗಗಳ ಹೊರಮೈಯಲ್ಲಿ 9 ವೋಲ್ಟಿನ ಬ್ಯಾಟರಿಯನ್ನು ತಾಗಿಸಿ ತಾತ್ಕಾಲಿಕವಾಗಿ ಶಕ್ತಿ ಕೊಡುವ ಜಾಗವಿರುತ್ತದೆ. ಕೆಲವಕ್ಕೆ ಲೋಹದ ಕೈಯನ್ನೂ ಕೊಟ್ಟಿರುತ್ತಾರೆ. ಆ ಕೈಯನ್ನು ಮನೆಯೊಳಗಿನ ಮೊಳೆಗೆ ನೇತುಹಾಕಿ ಹೊರಗೆ ಜಗಲಿಯ ಮೇಲೆ ಕುಳಿತವರನ್ನು ನಾವು ಕಂಡಿದ್ದೇವೆ.