ಹೆಸರು ಹೇಳಬಾರದ ಆಟ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪೈಕಿ ಒಂದರಲ್ಲಿದೆ ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಈ ಜಾಗ. ಯಾವ ಊರು ಎಂಬುದು ಬೇಡ. ಶಾಲೆಯ ಆವರಣದ ಮೂಲೆಯಲ್ಲಿ ಎರಡು ಕೋಣೆ, ಮುಂದೊಂದು ಪಡಸಾಲೆ. ಗಾಲಿಕುರ್ಚಿಗೆಂದು ಇಳಿಜಾರು ಕಟ್ಟಿದ್ದಾರೆ. ಅದರ ಬುಡಕ್ಕೇ ಯಾರೋ ಬೈಕು ನಿಲ್ಲಿಸಿದ್ದರು.

ಪಡಸಾಲೆಯಲ್ಲಿ ತಾಯಂದಿರು, ಮಕ್ಕಳು. ಕನ್ನಡ, ಉರ್ದು, ಲಂಬಾಣಿ ಮೂರೂ ಕಿವಿಗೆ ಬಿದ್ದವು. ಮನೆಯಲ್ಲಿ ಎರಡು ಭಾಷೆ ಆಡುವುದರಿಂದಲೇ ಮೊಮ್ಮಗನ ಮಾತು ತಡವಾಯಿತೆಂದು ಒಬ್ಬ ಅಜ್ಜಿ ನಂಬಿದ್ದರು. ಎರಡು ಭಾಷೆ ಕೇಳುತ್ತ ಬೆಳೆಯುವುದು ಈ ತೊಂದರೆಗೆ ಕಾರಣವಲ್ಲ. ತೊಂದರೆ ಇದ್ದರೆ ಅದು ಎರಡು ಭಾಷೆಯಲ್ಲೂ ಕಾಣುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿದ 21 ಅಂಗವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯದೂ ಒಂದು. ಆದರೂ ‘ದೊಡ್ಡವನಾದ್ಮ್ಯಾಲೆ ಮಾತಾಡತಾನ’ ಎಂದು ಕಾಯುವ ಮನೆಗಳು ಇನ್ನೂ ಇವೆ.

ಮೊದಲ ಕೋಣೆಯಲ್ಲಿ ದೊಡ್ಡ ಕನ್ನಡಿ. ತುಟಿ, ನಾಲಗೆ ಹೇಗೆ ಹೊರಳುತ್ತವೆಂದು ನೋಡಿಕೊಂಡು ಉಚ್ಚಾರ ತಿದ್ದುವುದು ಇಲ್ಲಿ. ಒಳಗಿನ ಕೋಣೆಗೆ ದಾಟಿದೆ.

ಜಮಖಾನೆಯ ಮೇಲೆ ನಾಲ್ಕು ಮಕ್ಕಳು, ನಡುವೆ ಬಟ್ಟೆಯ ಚೀಲ. ಒಳಗೆ ಕೈ ಹಾಕಿ ಸಿಕ್ಕದ್ದನ್ನು ಮುಟ್ಟಿ ನೋಡಬೇಕು, ಹೆಸರು ಹೇಳದೆ ವಿವರಿಸಬೇಕು, ಉಳಿದವರು ಗುರುತಿಸಬೇಕು. ಏಳೆಂಟು ವರ್ಷದ ಹುಡುಗನ ಸರದಿ.

‘ಹಂಗ ಅದ...’ ಎಂದು ನಿಂತ.

‘ಹ್ಯಾಂಗ ಅದ ತಮ್ಮಾ?’

ಉತ್ತರವಿಲ್ಲ. ಮಾತು ಕಲಿಸುವವರೂ ಸುಮ್ಮನಿದ್ದರು. ನನಗಾದರೆ ಅಷ್ಟು ಹೊತ್ತು ತಡೆಯುವುದು ಆಗುತ್ತಿರಲಿಲ್ಲ. ಆಮೇಲೆ ಎರಡು ಮಾತು ಮುಂದಿಟ್ಟರು: ‘ಮೆತ್ತಗ ಅದನೋ, ಖರಖರ ಅದನೋ?’

‘ಖರಖರ.’

‘ಹಾಂ, ಖರಖರ ಸಿಪ್ಪಿ ಅದ. ಒಳಗ?’

ಚೀಲದೊಳಗೇ ಅಲ್ಲಾಡಿಸಿದ. ‘ಸಪ್ಪಳ ಆಗತದ.’

‘ಒಳಗಿನ ಕಾಳು ಸಪ್ಪಳ ಮಾಡತಾವ.’

‘ಶೇಂಗಾ!’ ಎದುರಿನ ಹುಡುಗಿ ಕೂಗಿದಳು.

ಮಾತು ಕಲಿಸುವವರು ತಪ್ಪು ತಿದ್ದಲಿಲ್ಲ, ಹುಡುಗನ ಮಾತಿಗೇ ಇನ್ನೊಂದೆರಡು ಪದ ಕೂಡಿಸಿ ಮರಳಿಸಿದರು. ಹತ್ತಿ, ಎತ್ತಿನ ಕೊರಳಗಂಟೆ, ಕಟಕ ರೊಟ್ಟಿಯ ತುಂಡು ಒಂದೊಂದಾಗಿ ಹೊರಬಂದವು. ಗೋಡೆಯ ಮೇಲೆ ಆರು ಚಿತ್ರ, ಆರು ಪ್ರಶ್ನೆ: ಯಾವ ಗುಂಪಿನದು, ಏನು ಕೆಲಸ, ನೋಡಲು ಹೇಗೆ, ಯಾವುದರಿಂದ ಆದದ್ದು, ಅದರ ಭಾಗಗಳೇನು, ಎಲ್ಲಿ ಸಿಗುತ್ತದೆ. ರೊಟ್ಟಿಗೆ ಆರಕ್ಕೂ ಉತ್ತರ ಬಂತು. ‘ಭಾಗ’ ಕೇಳಿದಾಗ ಮಾತ್ರ ಸ್ವಲ್ಪ ತಡವಾಗಿ ‘ಅಂಚು’ ಎಂದಳೊಬ್ಬಳು.

ಕಪಾಟಿನಲ್ಲಿ ಮುದ್ರಿತ ಚಿತ್ರಕಾರ್ಡುಗಳ ಡಬ್ಬಿಯೂ ಇತ್ತು: ಸ್ಟ್ರಾಬೆರಿ, ಹಿಮದ ಗೊಂಬೆ. ಹೆಸರನ್ನೇನೋ ಮಕ್ಕಳು ಬಾಯಿಪಾಠ ಒಪ್ಪಿಸಿಯಾರು. ಕೈಯಲ್ಲಿ ಹಿಡಿಯದ, ಬಾಯಿಗಿಡದ ವಸ್ತುವಿನ ಬಗ್ಗೆ ಮುಂದೇನು ಹೇಳಿಯಾರು? ಹಾಗೆಂದು ಚಿತ್ರವೇ ಬೇಡವೆನ್ನಲೂ ಆಗದು. ಪಾಠಪುಸ್ತಕದ ಸಮುದ್ರ ಯಾವ ಚೀಲದಲ್ಲಿ ಹಿಡಿಯುತ್ತದೆ? ಎರಡನ್ನೂ ಎಷ್ಟೆಷ್ಟು ಬೆರೆಸಬೇಕೆಂಬುದು ನನಗೆ ಬಗೆಹರಿಯಲಿಲ್ಲ.

ಹೊರಬರುವಾಗ ಒಬ್ಬ ತಾಯಿಗೆ ಮನೆಗೆಲಸ ಬರೆದುಕೊಡುತ್ತಿದ್ದರು: ‘ಮೆತ್ತಗ’. ಅನ್ನ ಹಿಚುಕುವಾಗ, ಹಾಸಿಗೆ ಹಾಸುವಾಗ, ಕರು ಸವರುವಾಗ, ಎಲ್ಲೆಡೆ ಅದೇ ಮಾತು.

‘ಒಂದ ವಾರ ಅಂದ್ರ ಸಾಕೇನ್ರಿ ಮೇಡಂ?’

‘ಕೇಳದ ತಾನ ಅನ್ನೋತನಕ ಅಕ್ಕಾ. ಮುಂದಿನ ಸಲ ಬರುವಾಗ ಎಲ್ಲೆಲ್ಲಿ ಅಂದ ಅಂತ ಇದರಾಗ ಬರ್ಕೊಂಡ ಬರ್ರಿ.’